ತುದಿಯ ಹೋಳು

ಈರುಳ್ಳಿ ಸಣ್ಣಗೆ ಕೊಚ್ಚು, ಇನ್ನೂ ಸಣ್ಣಗೆ,
ಕಣ್ಣಿಗೆ ಕಾಣಬಾರದು, ನಾಲಿಗೆಗೆ ಮಾತ್ರ ಗೊತ್ತಾಗಬೇಕು
ಎನ್ನುತ್ತಿದ್ದರು ಮಿಸ್ ಐಲೀನ್.
ಕೆಜಿಎಫ್‌ನ ಊರಿಗಾಂ ಸ್ಟೇಷನ್ನಿನ ಹಿಂದೆ, ಗಣಿಯ ಸಾಲುಮನೆ,
ನಮ್ಮದು ಹನ್ನೊಂದು, ಅವರದು ಹನ್ನೆರಡು.
ನಡುವೆ ತಗಡಿನ ಗೋಡೆ,
ಒಗ್ಗರಣೆಯನ್ನು ತಡೆಯುವಷ್ಟು ಎತ್ತರವಿರಲಿಲ್ಲ.

ಈಗ ಕೊಚ್ಚುತ್ತಿರುವವನು ನಾನು,
ಆಂಡರ್ಸನ್‌ಪೇಟೆಯ ಬಾಡಿಗೆ ಮನೆ, ಭಾನುವಾರ.
ಒಂದು ಕೆಜಿ ಕುರಿ ಕೈಮಾ,
ಅಣ್ಣಾ, ಎರಡು ಸಲ ಮಿಷಿನ್ನಿಗೆ ಹಾಕು ಎಂದರೆ
ಯಾರಿಗೆ, ಹಲ್ಲಿಲ್ಲದವರಿಗಾ? ನಕ್ಕ ಬಾಬಾಜಾನ್.
ಮೀಟ್ ಲೋಫ್ ಎಂದೆ.
ಅವನು ಕತ್ತಿ ಒರೆಸಿಕೊಂಡು ಸುಮ್ಮನಾದ.

ಬ್ರೆಡ್ಡಿನ ಬಿಳಿಯನ್ನು ಹಾಲಿನಲ್ಲಿ ನೆನೆಸಬೇಕು.
ಮೊದಲ ಸಲ ಅದನ್ನು ಕಂಡ ಅಮ್ಮ
ಜ್ವರ ಬಂದವರ ಊಟವೆಂದುಕೊಂಡಿದ್ದಳು;
ಕೈಮಾ ಹಿಡಿದು ನಿಲ್ಲಲು ನಮ್ಮಲ್ಲಿ ಹುರಿಗಡಲೆ ಹಿಟ್ಟಲ್ಲವೆ.
ಎರಡು ಮೊಟ್ಟೆ, ಮೆಣಸಿನ ಪುಡಿ, ಉಪ್ಪು,
ಒಂದು ಹಿಡಿ ಕೊತ್ತಂಬರಿ ಸೊಪ್ಪು:
ಅದು ಅಮ್ಮನ ಕಳ್ಳತನ, ಐಲೀನ್ ಕಂಡೂ ಕಾಣದಂತಿದ್ದರು.
ಹಿಸುಕಬಾರದು.
ಮುದ್ದೆ ತೊಳಸಿದ ಕೈಗೆ ಇದೊಂದೇ ಕಷ್ಟ.
ನಿದ್ದೆಹೋದ ಮಗುವಿನ ತಲೆಯನ್ನು
ದಿಂಬಿಗೆ ಇಳಿಸಿದ ಹಾಗೆ ಟಿನ್ನಿಗೆ ಇಳಿಸಬೇಕು.

ನಮ್ಮ ಮನೆಯಲ್ಲಿ ಕೈಮಾ ಎಂದರೆ ಉಂಡೆ,
ಉಂಡೆ ಎಂದರೆ ಲೆಕ್ಕ.
ಅಪ್ಪನಿಗೆ ಐದು, ಚಿಕ್ಕಪ್ಪನಿಗೆ ನಾಲ್ಕು,
ಮುನಿಕೃಷ್ಣನಿಗೆ ಮೂರು, ನನಗೂ ಮೂರು,
ಅಕ್ಕ ನಾಗವೇಣಿಗೆ ಎರಡು, ಹೆಣ್ಣಲ್ಲವೆ.
ಅಮ್ಮ ಸೌಟಿನಿಂದ ತಳ ತಡವಿ
ನನಗೆ ಸಾರೇ ಸಾಕು, ಎಲ್ಲ ಅದರಲ್ಲೇ ಇಳಿದಿರ್ತದೆ ಎನ್ನುವಳು.
ನಾವು ನಂಬಿದೆವು.
ನಂಬುವುದು ರುಚಿಯಾಗಿತ್ತು.

ಓವನ್ ಯಾರ ಮನೆಯಲ್ಲಿತ್ತು ಆಗ?
ಟಿನ್ನಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ,
ಗಾಳಿ ಎದ್ದರೆ ಸೈನೈಡ್ ದಿಬ್ಬದ ಬೂದು ಮರಳು
ಕರೆಯದೆ ಊಟಕ್ಕೆ ಬರುತ್ತಿತ್ತಲ್ಲ,
ಸೈಕಲ್ಲಿಗೆ ಕಟ್ಟಿ ರಾಬರ್ಟ್‌ಸನ್‌ಪೇಟೆಗೆ ಒಯ್ದೆ.
ಖಲೀಲ್ ಸಾಬರ ಬೇಕರಿ, ಬನ್ನು ಇಳಿದ ಮೇಲೆ ಉಳಿದ ಬಿಸಿ,
ಅದಕ್ಕೆ ಬಾಡಿಗೆ ಎಂಟಾಣೆ.
ಒಲೆಯ ಬಾಯಿಗೆ ಬೆನ್ನು ಕೊಟ್ಟು ಕೂತೆ.
ಪಾಳಿ ಬಿಡುವ ಸೈರನ್ ಕೂಗಿತು.
ಅಪ್ಪ ಮೇಲೆ ಬರುವ ಹೊತ್ತು.
ಕೆಳಗೆ ಬಂಡೆಯೂ ಹೀಗೇ ಸುಡುತ್ತದೆ ಅನ್ನುತ್ತಿದ್ದ,
ಅಲ್ಲಿ ಬನ್ನಿನ ವಾಸನೆ ಮಾತ್ರ ಇಲ್ಲ.

ಆ ಸಂಜೆ ಐಲೀನ್ ತಮ್ಮ ಹಲ್ಲಿನ ಚಾಕು ಹಿಡಿದು ಬಂದರು.
ಟಿನ್ನು ಮಗುಚಿದರು, ತಟ್ಟಿದರು,
ಟೊಮ್ಯಾಟೊ ಬೆಲ್ಲ ಹೆಪ್ಪುಗಟ್ಟಿ ಮೇಲೆಲ್ಲ ಮಿರಮಿರ.
ಅಪ್ಪ ತಟ್ಟೆ ಮುಂದಿಟ್ಟ.
ಅವರು ಮೊದಲ ಹೋಳು ಕೊಯ್ದರು,
ಸೀದ ತುದಿ, ಗಟ್ಟಿ, ಕಪ್ಪು,
ತಟ್ಟೆಯನ್ನು ದಾಟಿಸಿ ಅಮ್ಮನ ಕೈಗೆ ಹಾಕಿದರು.
ಇದು ಮಾಡಿದವರದು. ನಮ್ಮ ಮನೆಯ ಕಾನೂನು.

ಅಮ್ಮ ಅಪ್ಪನ ಮುಖ ನೋಡಿದಳು.
ಅಪ್ಪ ಸೂರಿನ ತಗಡು ನೋಡಿದ.
ನಿಂತೇ ತಿಂದಳು. ಕರುಕುರು ಸದ್ದು
ಹನ್ನೆರಡನೇ ನಂಬರಿಗೂ ಕೇಳಿಸಿರಬೇಕು.
ಎಲ್ಲರೂ ಕಾದೆವು.
ಉಪ್ಪು ಕಮ್ಮಿ, ಎಂದಳು.

ಆಮೇಲೆ ಮಾಡಿದ ಉಂಡೆ ಸಾರಿನಲ್ಲೆಲ್ಲ
ಲೆಕ್ಕಕ್ಕೆ ಮೊದಲೇ ಒಂದು ಉಂಡೆ ಕಮ್ಮಿ ಇರುತ್ತಿತ್ತು.
ಯಾರೂ ಕೇಳಲಿಲ್ಲ.
ಐಲೀನ್ ಪರ್ತಿಗೆ ಹೊರಟಾಗ ಟಿನ್ನು ನಮಗೆ ಬಿಟ್ಟರು,
ಒಂದು ಮೂಲೆ ಸೊಟ್ಟ, ಈಗಲೂ.

ಓವನ್ ಟಿಂಗ್ ಎನ್ನುತ್ತದೆ.
ಹೊರಗೆ ಆಟೋ ನಿಂತ ಸದ್ದು, ಚಪ್ಪಲಿ ಬಿಡುವ ಸದ್ದು,
ಅಕ್ಕ ನಾಗವೇಣಿ, ಎರಡು ಉಂಡೆಯ ನಾಗವೇಣಿ,
ಅರವತ್ತೆರಡು, ಮಂಡಿನೋವು, ನೆಟ್ಟಗೆ ಅಡುಗೆಮನೆಗೆ.
ತುದಿ ನನಗೆ, ಎನ್ನುತ್ತಾಳೆ.
ಮಾಡಿದವರದು, ಎನ್ನುತ್ತೇನೆ.
ಇಬ್ಬರೂ ಚಾಕು ನೋಡುತ್ತ ನಿಲ್ಲುತ್ತೇವೆ.

ಲೋಫಿಗೆ ಎರಡು ತುದಿ.
ಇಷ್ಟು ವರ್ಷ ಹೊಳೆದಿರಲಿಲ್ಲ.